ಅದಿರಿನ ತೊಟ್ಟಿಯೂ ನನ್ನ ದೋಸೆ ಕಾವಲಿಯೂ

ಕಲ್ಲು ನೆನೆಹಾಕುವ ಕೆಲಸಕ್ಕೆ ಗಂಡ ಸೇರಿಕೊಂಡರೆ ಮನೆಯಲ್ಲಿ ವಾರಕ್ಕೊಂದು ಏನಾದರೂ ನಡೆದೇ ನಡೆಯುತ್ತದೆ. ಲಿಂಗನಮಕ್ಕಿ ಕಟ್ಟೆಯ ಕೆಲಸ ಮುಗಿದ ಮೇಲೆ ನಮ್ಮವರಿಗೆ ನಿಟ್ಟೂರಿನ ಹತ್ತಿರ ಒಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಹೊರ ಊರಿನ ಕೆಮಿಸ್ಟ್ ಸಾಹೇಬರೊಬ್ಬರು ಅಲ್ಲಿ ಬಡಕಲು ಅದಿರನ್ನು ಪುಡಿ ಮಾಡಿಸಿ, ಆಸಿಡ್ಡಿನಲ್ಲಿ ನೆನೆಸಿ, ತಾಮ್ರ ತೆಗೆಯುತ್ತೇನೆ ಎನ್ನುತ್ತಿದ್ದರು. ನಾನು ಓದಿದ್ದು ಹತ್ತನೆಯವರೆಗೆ. ಅಷ್ಟು ಓದಿಗೆ ನಂಬಿಕೆ ಬರುವುದಿಲ್ಲ, ಅನುಮಾನ ಮಾತ್ರ ಬರುತ್ತದೆ.

೧. ಒಂದು ಚೊಂಬು

"ಎಷ್ಟು ದಿನ ನೆನೀಬೇಕು ಆ ಕಲ್ಲು?" ಎಂದು ಕೇಳಿದೆ.

"ಎಂಟು ದಿನ," ಎಂದರು ನಮ್ಮವರು.

"ಎಷ್ಟು ತಾಮ್ರ ಬರ್ತದೆ?"

"ಒಂದು ಗಾಡಿ ಕಲ್ಲಿಗೆ ಒಂದು ಚೊಂಬಿನಷ್ಟು ಬಂದ್ರೆ ಪುಣ್ಯ."

ಬೇಲಿಯಾಚೆ ಸೊಪ್ಪು ಕೊಯ್ಯುತ್ತಿದ್ದ ಪಕ್ಕದ ಮನೆ ಅಜ್ಜಿ ತಲೆ ಎತ್ತಿದರು. "ಅದೇ ಚೊಂಬನ್ನ ಸಾಗರದ ಪೇಟೇಲಿ ತಗೊಂಡಿದ್ರೆ ಸಂಜೆ ಬಸ್ಸಿಗೇ ವಾಪಸ್ ಬರಬಹುದಿತ್ತಲ್ಲ ಮಾರಾಯ!"

೨. ಜರಡಿ ಅಂಗಿ

ನಮ್ಮವರ ಚೆನ್ನಾಗಿದ್ದ ಅಂಗಿ ಒಗೆಯಲು ಕೊಟ್ಟರೆ ತೂತು ತೂತಾಗಿ ವಾಪಸು ಬಂತು. ಆಸಿಡ್ಡಿನ ಹನಿ ಬಿದ್ದ ಬಟ್ಟೆ ನೀರಿಗೆ ಬಿದ್ದ ಮೇಲೇ ತನ್ನ ಗುಟ್ಟು ಬಿಡುತ್ತದೆಂದು ನನಗೇನು ಗೊತ್ತು? ಅಗಸನನ್ನು ಅಂಗಳದಲ್ಲೇ ನಿಲ್ಲಿಸಿಕೊಂಡೆ.

"ಕೊಟ್ಟಾಗ ಒಂದೂ ತೂತಿರಲಿಲ್ಲ. ಏನು ಮಾಡಿದೆ ಹೇಳು."

ಅವನು ಅಂಗಿಯನ್ನು ಬಿಸಿಲಿಗೆ ಹಿಡಿದು, ತೂತಿನೊಳಗಿಂದ ನನ್ನನ್ನೇ ನೋಡಿದ. "ಅಮ್ಮಾ, ನಾನು ಬಟ್ಟೆ ಒಗೀತೀನಿ. ತಿನ್ನೋದಿಲ್ಲ."

೩. ಕಾವಲಿ

ಆಮೇಲೆ ಶೆಡ್ಡಿನಲ್ಲಿ ಹಳೇ ಕಬ್ಬಿಣ ಬೇಕೆಂದು ಶುರುವಾಯಿತು. ಕಲ್ಲು ನೆನೆದ ನೀರಿಗೆ ಕಬ್ಬಿಣ ಹಾಕಿದರೆ ಕಬ್ಬಿಣ ಕರಗುತ್ತದಂತೆ, ಆ ಜಾಗದಲ್ಲಿ ತಾಮ್ರ ಕೂರುತ್ತದಂತೆ. ಅವತ್ತಿನಿಂದ ನಮ್ಮವರು ಅಡಿಗೆಮನೆಯನ್ನು ನೋಡುವ ರೀತಿಯೇ ಬದಲಾಯಿತು. ಒಂದು ಬೆಳಿಗ್ಗೆ ದೋಸೆ ತಿನ್ನುತ್ತಾ, "ಈ ಕಾವಲಿ ಎಷ್ಟು ತೂಕ ಇರಬಹುದೇ?" ಎಂದರು.

ಅದು ತೀರ್ಥಹಳ್ಳಿಯಿಂದ ಅಮ್ಮ ಕೊಟ್ಟು ಕಳಿಸಿದ ಕಾವಲಿ. ಅವಳ ಕೈಯಲ್ಲಿ ಇಪ್ಪತ್ತು ವರ್ಷ ಪಳಗಿದ್ದು. ಹಿಟ್ಟು ಹುಯ್ದರೆ ದೋಸೆ ತಾನೇ ಎದ್ದು ಬರುತ್ತಿತ್ತು. ಅವರು ಕೆಲಸಕ್ಕೆ ಹೋದದ್ದೇ ತಡ, ಯಾರೂ ಮುಟ್ಟದ ಜಾಗ ಹುಡುಕಿ ಬಚ್ಚಿಟ್ಟೆ. ಮೂರು ದಿನ ಮನೆಯಲ್ಲಿ ಬರೀ ಗಂಜಿ. ನಮ್ಮವರು ಯಾಕೆಂದು ಕೇಳಲಿಲ್ಲ. ಅದೂ ಅನುಮಾನಕ್ಕೆ ಕಾರಣವಾಯಿತು.

ನಾಲ್ಕನೇ ದಿನ ತವರಿನಿಂದ ತಮ್ಮ ಬಂದ. ದೋಸೆ ಹುಯ್ಯೋಣವೆಂದು ಅಟ್ಟ ಹತ್ತಿದರೆ ಕಾವಲಿ ಇಲ್ಲ. ಅದನ್ನು ಇಟ್ಟಿದ್ದ ಗೋಣಿಚೀಲವೇ ಇಲ್ಲ!

ಮಗುವನ್ನು ಸೊಂಟಕ್ಕೇರಿಸಿಕೊಂಡು ಶೆಡ್ಡಿಗೆ ಓಡಿದೆ. ಸಾಹೇಬರು ತೊಟ್ಟಿಯಿಂದ ಇಕ್ಕಳದಲ್ಲಿ ಏನನ್ನೋ ಎತ್ತುತ್ತಿದ್ದರು. ಕೆಂಪು ಕೆಸರು ಮೆತ್ತಿಕೊಂಡು, ಹಪ್ಪಳದಷ್ಟು ತೆಳ್ಳಗಾಗಿ, ನಡುವೆ ನಾಲ್ಕು ತೂತು ಬಿದ್ದ ನನ್ನ ಕಾವಲಿ.

"ನೋಡಮ್ಮಾ, ಎಷ್ಟು ತಾಮ್ರ ಕೂತಿದೆ!" ಎಂದು ಸಾಹೇಬರು ಹಿಗ್ಗಿದರು. "ಇಂಥಾ ಕಬ್ಬಿಣ ಎಲ್ಲೂ ಸಿಕ್ಕಿರಲಿಲ್ಲ. ಮನೇಲಿ ಇನ್ನೊಂದು ಇದೆಯಾ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ನಡುವೆ ಬಂದು ನಿಂತರು. "ನಾನು ತಂದಿದ್ದು ಅಟ್ಟದ ಗುಜರಿ ಚೀಲ ಕಣೇ. ಮುರುಕು ಗುದ್ದಲಿ, ಹಳೇ ತಿರುಗಣಿ ಇದ್ದದ್ದು. ಕಾವಲೀನ ಅದರೊಳಗೆ ಹಾಕಿದವರು ಯಾರು?"

"ನಾನೇ. ನೀವು ತಗೊಂಡು ಹೋಗ್ತೀರಿ ಅಂತ ಬಚ್ಚಿಟ್ಟಿದ್ದೆ."

"ನಿನ್ನ ಕಾವಲಿ ನಂಗೆ ಯಾಕೆ ಬೇಕಿತ್ತು ಮಾರಾಯ್ತಿ? ಸುಮ್ಮನೆ ಅನುಮಾನ ಪಟ್ಟೆಯಲ್ಲ!"

"ಸುಮ್ಮನೆಯಾ?" ಎಂದೆ. "ತಗೊಂಡು ಬಂದ್ರೋ ಇಲ್ವೋ, ಅಷ್ಟು ಹೇಳಿ!"