ಸಾಹೇಬರ ಹಿಂದಿನ ಬಣ್ಣ

ಇಡೀ ಕಚೇರಿಯನ್ನು ಬುಡಮೇಲು ಮಾಡಿದ ಆ ದಿನಕ್ಕೆ ಕಾರಣ ಒಂದು ಹಲ್ಲಿ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವನು, ಕೆಲವು ಸಲ ಇದ್ದದ್ದಕ್ಕಿಂತ ಚೆನ್ನಾಗಿಯೇ ಹೇಳುವವನು. ಈ ಕತೆಯನ್ನು ನನ್ನಷ್ಟು ನಿಖರವಾಗಿ ಹೇಳಬಲ್ಲವರು ಮೂರು ಲೋಕದಲ್ಲಿ ಇನ್ನೊಬ್ಬರಿಲ್ಲ.

ಮೀಟಿಂಗ್ ಹಾಲಿನ ಗೋಡೆಯ ಮೇಲೆ ಹಿಂದಿನ ಸಾಹೇಬರುಗಳ ಫೋಟೋಗಳು ಸಾಲಾಗಿ ನೇತಾಡುತ್ತಿದ್ದವು. ಬೆಳಿಗ್ಗೆ ಒಂದು ಹಲ್ಲಿ, ಮೊಸಳೆಯ ಅಣ್ಣನಂತಿದ್ದದ್ದು, ಮೊದಲನೇ ಫೋಟೋದ ಹಿಂದಿನಿಂದ ಹೊರಟು ಒಂದೊಂದನ್ನೇ ದಾಟಿ ಕೊನೆಗೆ ಒಂದು ಖಾಲಿ ಮೊಳೆಯ ಹತ್ತಿರ ನಿಂತಿತು. ಅದನ್ನೇ ನೋಡುತ್ತಿದ್ದ ದೊಡ್ಡ ಸಾಹೇಬರಿಗೆ ಆಗ ಹೊಳೆಯಿತು, ಆ ಮೊಳೆ ತಮ್ಮದೆಂದು.

"ಕತ್ತರಿನ ಕರೀರಿ" ಎಂದರು.

ಕತ್ತರಿ ಎಂದರೆ ಮೂಲೆಯ ಮೇಜಿನ ಗುಮಾಸ್ತ. ಕೆಲಸ ಬಿಟ್ಟುಹೋದ ಒಬ್ಬನನ್ನು ಕಚೇರಿಯ ಗ್ರೂಪ್ ಫೋಟೋದಿಂದ ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆದು, ಆ ಜಾಗದಲ್ಲಿ ಒಂದು ಹೂಕುಂಡ ಕೂರಿಸಿದ ಮೇಲೆ ಅವನಿಗೆ ಆ ಹೆಸರು ಅಂಟಿತ್ತು. ಹೋದವನಿಗಿಂತ ಹೂಕುಂಡವೇ ಚೆನ್ನಾಗಿ ಕೆಲಸ ಮಾಡುತ್ತದೆಂದು ಕಚೇರಿಯಲ್ಲಿ ಮಾತಿತ್ತು.

ಸಾಹೇಬರು ತಮ್ಮ ಮೊಬೈಲನ್ನು ಅವನ ಮುಂದೆ ಹಿಡಿದರು. "ಸಂಜೆ ನಾಲ್ಕಕ್ಕೆ ಎಲ್ಲಾ ಶಾಖೆಯವರೂ ಮೀಟಿಂಗಿಗೆ ಬರ್ತಾರೆ. ಅಷ್ಟರೊಳಗೆ ಆ ಮೊಳೆ ಮೇಲೆ ನಾನಿರಬೇಕು. ನನ್ನ ಹತ್ರ ಇರೋದು ಇದೊಂದೇ ಫೋಟೋ."

ಫೋಟೋದಲ್ಲಿ ಸಾಹೇಬರು ಕ್ಯಾಂಟೀನಿನ ಕೈ ತೊಳೆಯುವ ತೊಟ್ಟಿಯ ಮುಂದೆ ನಿಂತಿದ್ದರು. ಬಿಳಿ ಷರ್ಟು, ಪೊದೆ ಮೀಸೆ, ಬೋಳು ತಲೆ. ಎಡಕಿವಿಯ ಹಿಂದಿನಿಂದ ನೆಲ ಒರೆಸುವ ಕೋಲೊಂದು ಕೊಂಬಿನ ಹಾಗೆ ಎದ್ದಿತ್ತು.

"ಹಿಂದೆ ಇರೋದೆಲ್ಲ ತೆಗೆದು ಒಳ್ಳೇ ಬಣ್ಣ ಹಾಕು, ಒಳ್ಳೇ ಫ್ರೇಮು ಹಾಕ್ಸು. ವಯಸ್ಸು ಕಾಣಬಾರದು, ಅನುಭವ ಕಾಣಬೇಕು. ತಲೆ ಕಡೆನೂ ಸ್ವಲ್ಪ ನೋಡ್ಕೊ" ಎಂದು ಸಾಹೇಬರು ಡ್ರಾಯರು ಎಳೆದು ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಅದು ಕತ್ತರಿಯ ವರ್ಗಾವಣೆಯ ಅರ್ಜಿ. "ಸಂಜೆ ಇದೂ ಇಲ್ಲೇ ಇರುತ್ತೆ, ನನ್ನ ಪೆನ್ನೂ ಇಲ್ಲೇ ಇರುತ್ತೆ. ತಿಳೀತಲ್ಲ?"

ತಿಳಿಯದೇ ಏನು. ಅವನ ಹೆಂಡತಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ಪುಟ್ಟ ಮಗಳು ಅಪ್ಪನನ್ನು ಮೊಬೈಲಿನಲ್ಲಿ ನೋಡಿದ್ದೇ ಹೆಚ್ಚು. ಹೋದ ಸಲ ಮನೆಗೆ ಹೋದಾಗ ಅವನ ಕಾಲು ಮುಟ್ಟಿ ನೋಡಿ, "ಅಮ್ಮಾ, ಈ ಅಪ್ಪಂಗೆ ಕಾಲೂ ಇದೆ" ಎಂದಿದ್ದಳು.

ಅವನು ಕೂತ. ಕೋಲು ಕಿತ್ತ, ತೊಟ್ಟಿ ಕಿತ್ತ, ಸಾಹೇಬರ ಅಂಚನ್ನು ಸೊಳ್ಳೆಯ ರೆಕ್ಕೆ ಬಿಡಿಸುವವನ ಹಾಗೆ ಉಸಿರು ಹಿಡಿದು ಕತ್ತರಿಸಿದ. ಫೋಟೋದ ಹಿನ್ನೆಲೆ ಹೇಗಿರಬೇಕೆಂದು ಅವನಿಗೆ ಗೊತ್ತಿತ್ತು. ಅದು ಒಳ್ಳೆಯ ಪಕ್ಕದ ಮನೆಯವರ ಹಾಗೆ: ಇರಬೇಕು, ಬಾಯಿ ಹಾಕಬಾರದು. ತೆಳು ಬೂದು ಬಣ್ಣ ಹಾಕಿದ. ಮುಖ ತಾನಾಗಿ ಮುಂದೆ ಬಂತು.

ಮುಂದೆ ಬಂದದ್ದು ಮುಖವೊಂದೇ ಅಲ್ಲ, ಮ್ಯಾನೇಜರೂ ಬಂದರು.

"ಏನಯ್ಯಾ ಇದು, ಸಾಹೇಬರನ್ನ ಸಿಮೆಂಟು ಗೋಡೆಗೆ ನಿಲ್ಲಿಸಿದ್ದೀಯ. ಗುಂಡು ಹೊಡೀತಾರಾ ಅವರಿಗೆ? ಬಿಳಿ ಹಾಕು, ಬಿಳಿ. ಶುದ್ಧ ಹಸ್ತರು ಅವರು."

ಬಿಳಿ ಹಾಕಿದ. ಬಿಳಿ ಷರ್ಟು ಬಿಳಿಯಲ್ಲಿ ಕರಗಿಹೋಯಿತು. ಒಂದು ತಲೆ, ಅದರ ಕೆಳಗೆ ದೂರದಲ್ಲಿ ಎರಡು ಕೈ. ಶುದ್ಧ ಹಸ್ತಗಳೇ, ಆದರೆ ಯಾರವೆಂದು ಹೇಳುವ ಹಾಗಿರಲಿಲ್ಲ.

ಅಷ್ಟರಲ್ಲಿ ಕ್ಯಾಷಿಯರು ಕುರ್ಚಿ ಎಳೆದುಕೊಂಡೇ ಬಂದರು. "ಹಳದಿ ಹಾಕಪ್ಪ. ಹಳದಿ ಅಂದ್ರೆ ಒಂಥರಾ ಕಳೆ."

ಹಳದಿ ಹಾಕಿದ. ತೊಂದರೆ ಬಂದದ್ದು ಬೋಳು ತಲೆಯಿಂದ. ಆ ತಲೆ ಎಷ್ಟು ನುಣುಪೆಂದರೆ ಕಂಪ್ಯೂಟರು ಅದನ್ನೂ ಗೋಡೆಯೆಂದೇ ತಿಳಿದು ಹಿನ್ನೆಲೆಯ ಲೆಕ್ಕಕ್ಕೆ ಸೇರಿಸಿಕೊಂಡಿತು. ಹುಬ್ಬಿನ ಮೇಲೆ ಸಾಹೇಬರು ಪೂರ್ತಿ ಹಳದಿಯಾದರು.

"ಕಾಮಾಲೆ" ಎಂದರು ಮ್ಯಾನೇಜರು.

"ಹಾಗಾದ್ರೆ ಕೆಂಪು" ಎಂದರು ಕ್ಯಾಷಿಯರು.

ಕೆಂಪಿನಲ್ಲಿ ಸಾಹೇಬರ ತಲೆ ಒಲೆಯ ಮೇಲಿಟ್ಟ ಹಂಚಿನ ಹಾಗಾಯಿತು. ನೀಲಿಯಲ್ಲಿ ಗುರುತಿನ ಚೀಟಿಯಾದರು. ಹಸಿರಿನಲ್ಲಿ ಏನಾದರೆಂಬುದನ್ನು ನಾನು ಹೇಳುವುದಿಲ್ಲ, ಮರ್ಯಾದೆಯ ಪ್ರಶ್ನೆ. ಆ ಹೊತ್ತಿಗೆ ಕತ್ತರಿಯ ಹಿಂದೆ ಅರ್ಧ ಊರೇ ನಿಂತಿತ್ತು. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಬಣ್ಣ. ಕಾಮನಬಿಲ್ಲೇ ಇಳಿದು ಬಂದಿದ್ದರೂ ನಾಚಿ ವಾಪಸು ಹೋಗುತ್ತಿತ್ತು.

ಎಲ್ಲರೂ ಊಟಕ್ಕೆ ಎದ್ದಾಗ ಟೈಪಿಸ್ಟ್ ಅಕ್ಕ ಒಬ್ಬಳೇ ಉಳಿದಳು. "ಈಗ ಯಾರೂ ಇಲ್ಲ ಕಣೋ. ಮೊದಲು ಹಾಕಿದ್ಯಲ್ಲ ಬೂದು, ಅದನ್ನೇ ಹಾಕಿ ಪ್ರಿಂಟಿಗೆ ಓಡು. ಇವರ ಮಾತು ಕೇಳ್ತಾ ಕೂತ್ರೆ ನಿನ್ನ ಮಗಳು ಮದುವೆ ವಯಸ್ಸಿಗೆ ಬರ್ತಾಳೆ."

ಕತ್ತರಿ ಓಡಿದ. ಪ್ರಿಂಟು ಹಾಕಿಸಿದ, ಫ್ರೇಮಿನ ಅಂಗಡಿಗೆ ಹೋಗಿ ಸಪೂರ ಕಪ್ಪು ಫ್ರೇಮು ಹಾಕಿಸಿದ. ಬೂದಿಗೆ ಕಪ್ಪು ಎಷ್ಟು ಒಪ್ಪಿತ್ತೆಂದರೆ ಸಾಹೇಬರು ಬೈಯುವವರೆಂದು ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ದಾರಿಯಲ್ಲೇ ಹೆಂಡತಿಗೆ ಫೋನು ಮಾಡಿದ. "ಆಗೋ ಹಾಗಿದೆ ಕಣೆ" ಎಂದ.

"ಆದಮೇಲೆ ಹೇಳಿ. ಹೋದ ಸಲನೂ ಹೀಗೇ ಅಂದಿದ್ರಿ" ಎಂದಳು ಅವಳು.

ಮೂರು ಗಂಟೆಗೆ ಕಚೇರಿಗೆ ಬಂದರೆ ಮ್ಯಾನೇಜರು ಫ್ರೇಮನ್ನು ನೋಡಿ ಗೋಡೆ ಹಿಡಿದುಕೊಂಡರು.

"ಕಪ್ಪು ಫ್ರೇಮಾ? ಅಯ್ಯಾ, ಸಾಹೇಬರು ಇನ್ನೂ ಬದುಕಿದ್ದಾರೆ ಕಣಯ್ಯ."

"ಸಾರ್, ಬೂದು ಬಣ್ಣಕ್ಕೆ ಕಪ್ಪೇ..."

"ನಿನ್ನ ಬೂದಿಗೆ ಬೆಂಕಿ ಬೀಳ. ಗೋಡೆ ಮೇಲೆ ನೋಡು, ಎಲ್ಲಾ ಚಿನ್ನದ ಬಣ್ಣದ ಫ್ರೇಮು. ಮಧ್ಯೆ ಇದೊಂದು ತೂಗಿದ್ರೆ ಶಾಖೆಯವರು ಬಂದವರೇ ಎದ್ದು ಮೌನ ಆಚರಿಸ್ತಾರೆ. ಓಡು."

ಕತ್ತರಿ ಮತ್ತೆ ಓಡಿದ. ಆ ಓಟಕ್ಕೆ ರಸ್ತೆಯ ನಾಯಿಗಳು ಬೆನ್ನಟ್ಟುವುದನ್ನೂ ಮರೆತು ನಿಂತವು. ಅಂಗಡಿಯವನು ಇನ್ನೇನು ಬಾಗಿಲೆಳೆದು ಎಲ್ಲಿಗೋ ಹೊರಡುವುದರಲ್ಲಿದ್ದ. "ಚಿನ್ನದ ಬಣ್ಣದ್ದು ಒಂದೇ ಇರೋದು, ಷೋಗೆ ಇಟ್ಟಿದ್ದು" ಎನ್ನುತ್ತ ಗೋಡೆಯಿಂದ ಒಂದು ಫ್ರೇಮು ಇಳಿಸಿದ. ಹೊಸ ಫ್ರೇಮುಗಳಲ್ಲಿ ಅಂದಕ್ಕೆಂದು ಯಾರೋ ಅಪರಿಚಿತರ ಚಿತ್ರವಿರುವ ರಟ್ಟು ಇಟ್ಟಿರುತ್ತಾರಲ್ಲ, ಇದರಲ್ಲೂ ಇತ್ತು.

"ಫೋಟೋ ತೆಳ್ಳಗಿದೆ, ಅಲ್ಲಾಡುತ್ತೆ. ಈ ರಟ್ಟೂ ಒಳಗೇ ಇರ್ಲಿ, ಬಿಗಿಯಾಗುತ್ತೆ" ಎಂದು ಅಂಗಡಿಯವನು ಫ್ರೇಮನ್ನು ಬೋರಲು ಹಾಕಿ, ಸಾಹೇಬರನ್ನು ಒಳಗಿಟ್ಟು, ಮೊಳೆ ಬಡಿದು, ಕಂದು ಕಾಗದದಲ್ಲಿ ಸುತ್ತಿ ಅವನ ಕೈಗೆ ತುರುಕಿದ. ತಿರುಗಿಸಿ ನೋಡಲು ಇಬ್ಬರಿಗೂ ಪುರಸೊತ್ತಿರಲಿಲ್ಲ.

ಕತ್ತರಿ ಹಾಲಿಗೆ ಕಾಲಿಟ್ಟಾಗ ಶಾಖೆಗಳ ಮುಖ್ಯಸ್ಥರೆಲ್ಲ ಕೂತಿದ್ದರು. ಮೊಳೆಯ ಕೆಳಗಿನ ಮೇಜಿನ ಮೇಲೆ ಅವನ ಅರ್ಜಿ, ಅದರ ಮೇಲೆ ಸಾಹೇಬರ ಪೆನ್ನು. ಮ್ಯಾನೇಜರು ಫ್ರೇಮು ಕಸಿದುಕೊಂಡು ಕಾಗದದ ಸಮೇತ ಮೊಳೆಗೆ ತೂಗಿಹಾಕಿದರು. ಸಾಹೇಬರು ಗಂಟಲು ಸರಿಮಾಡಿಕೊಂಡು ಕಾಗದ ಹರಿದರು.

ಚಿನ್ನದ ಫ್ರೇಮಿನೊಳಗಿಂದ ಯಾರೋ ನಗುತ್ತಿದ್ದ.

ತಲೆ ತುಂಬ ಬೆಳ್ಳಿ ಬೆರೆತ ಕಪ್ಪು ಕೂದಲು. ಮೀಸೆ ಇಲ್ಲ. ಕೆನ್ನೆಯಲ್ಲಿ ಗುಳಿ. ಹಿಂದೆ ಮುಂಜಾವಿನಂಥ ತಿಳಿ ನೀಲಿ. ಬಿಗಿಯಾಗಲೆಂದು ಹಿಂದೆ ಇರಬೇಕಾಗಿದ್ದ ರಟ್ಟು ಮುಂದೆಯೇ ಉಳಿದು, ಸಾಹೇಬರು ಅದರ ಬೆನ್ನಿಗೆ ಅಂಟಿಕೊಂಡು ಕತ್ತಲಲ್ಲಿ ನಿಂತಿದ್ದರು.

ಕತ್ತರಿಯ ಮೈಯ ರಕ್ತವೆಲ್ಲ ಚಪ್ಪಲಿಗೆ ಇಳಿಯಿತು. ಹಾಲಿನಲ್ಲಿ ಎಂಥ ಮೌನವೆಂದರೆ ಹಲ್ಲಿ ಕಣ್ಣು ಮಿಟುಕಿಸಿದ್ದು ಕೇಳಿಸಿತು. ಟೈಪಿಸ್ಟ್ ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು. ಸಾಹೇಬರು ಒಂದು ಹೆಜ್ಜೆ ಮುಂದೆ ಹೋದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಮೀಸೆ ತೆಗೆದಿದ್ದೀಯ" ಎಂದರು.

ಕತ್ತರಿ ತಲೆಯಾಡಿಸಿದ. "ಹೂಂ... ಸಾರ್."

"ನನ್ನ ಹೆಂಡತಿ ಮದುವೆಯಾದಾಗಿಂದ ಹೇಳ್ತಿದ್ದಾಳೆ, ತೆಗೀರಿ ತೆಗೀರಿ ಅಂತ." ಸಾಹೇಬರು ಇನ್ನೂ ಹತ್ತಿರ ಬಾಗಿದರು. "ಈ ಗುಳಿ ನನಗೆ ಚಿಕ್ಕವನಿದ್ದಾಗ ಇತ್ತು. ನೀನು ಹ್ಯಾಗೆ ಕಂಡುಹಿಡಿದೆ?"

ಮ್ಯಾನೇಜರು ಸಾಹೇಬರ ಮುಖ ನೋಡಿದರು, ಫೋಟೋ ನೋಡಿದರು, ತಮ್ಮ ಬಡ್ತಿಯ ದಾರಿ ನೋಡಿದರು. "ಪಡಿಯಚ್ಚು ಸಾರ್. ಕಣ್ಣಿನ ಆ ತೇಜಸ್ಸು ಬೇರೆ ಯಾರಿಗಿದೆ?"

"ಹಿಂದಿನ ನೀಲಿ ಮಾತ್ರ ನಾನೇ ಹೇಳಿದ್ದು" ಎಂದರು ಕ್ಯಾಷಿಯರು.

"ನೀವು ಹೇಳಿದ್ದು ಹಳದಿ" ಎಂದಳು ಟೈಪಿಸ್ಟ್ ಅಕ್ಕ. ಅವಳ ಮಾತು ಚಪ್ಪಾಳೆಯಲ್ಲಿ ಮುಳುಗಿತು. ಶಾಖೆಯವರು ಒಬ್ಬರಿಗಿಂತ ಒಬ್ಬರು ಜೋರಾಗಿ ಕೈ ತಟ್ಟಿದರು. ಮೂಗನ್ನು ಹೊಗಳುವವರು ಮೂಗನ್ನು, ಕೂದಲನ್ನು ಹೊಗಳುವವರು ಕೂದಲನ್ನು ಹಂಚಿಕೊಂಡರು.

ಸಾಹೇಬರು ಮೇಜಿನ ಹತ್ತಿರ ಬಂದು ಪೆನ್ನು ಎತ್ತಿಕೊಂಡರು. ಕತ್ತರಿಗೆ ಹಾಲೆಲ್ಲ ಮಾಯವಾಗಿ ಆ ಪೆನ್ನಿನ ತುದಿ ಮಾತ್ರ ಕಾಣುತ್ತಿತ್ತು. ಪೆನ್ನು ಅರ್ಜಿಯ ಮೇಲೆ ಇಳಿಯಿತು. ನಿಂತಿತು. ಸಾಹೇಬರು ಇನ್ನೊಮ್ಮೆ ಗೋಡೆಯ ಕಡೆ ನೋಡಿದರು.

"ಅಲ್ಲಯ್ಯಾ, ಇಂಥಾ ಕೈನ ಬೇರೆ ಊರಿಗೆ ಕಳಿಸಿಬಿಟ್ರೆ ನನ್ನಂಥ ದಡ್ಡ ಇನ್ನೊಬ್ಬ ಇರ್ತಾನಾ?" ಎಂದು ಅರ್ಜಿಯನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡರು. "ನಾನಿರೋವರೆಗೂ ನೀನು ಇಲ್ಲೇ. ಸೋಮವಾರದೊಳಗೆ ನಮ್ಮ ಮನೆಯವರದ್ದೂ ಒಂದು ಇಂಥದ್ದೇ ಆಗ್ಬೇಕು. ಇದೇ ಬಣ್ಣ, ಇದೇ ಫ್ರೇಮು."

ಚಪ್ಪಾಳೆ ಮತ್ತೆ ಎದ್ದಿತು. ಫೋಟೋದವನು ಗುಳಿ ಬೀಳಿಸಿಕೊಂಡು ನಗುತ್ತಲೇ ಇದ್ದ.

ಕತ್ತರಿ ಹೊರಗೆ ಬಂದ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ತೆರೆದರೆ ಪರದೆಯ ತುಂಬ ಮಗಳ ಮುಖ. "ಅಪ್ಪಾ, ಫೋನಿಂದ ಆಚೆ ಬರ್ತೀಯಾ?" ಎಂದು ಕೇಳಿದಳು. ಅವನು ಏನೋ ಹೇಳಿದ. ಏನೆಂದು ನನಗೂ ಕೇಳಿಸಲಿಲ್ಲ. ಈ ಕತೆಯಲ್ಲಿ ನಾನು ಬಣ್ಣ ಹಚ್ಚದೆ ಬಿಟ್ಟದ್ದು ಅದೊಂದೇ ಜಾಗ.

ಆಮೇಲೆ ಕಾಲೆಳೆದುಕೊಂಡು ಫ್ರೇಮಿನ ಅಂಗಡಿಗೆ ಹೋದ. ಅಂಗಡಿಯವನು ಆಗಷ್ಟೇ ವಾಪಸು ಬಂದು ಬಾಗಿಲು ತೆಗೆಯುತ್ತಿದ್ದ.

"ಹೆಂಗಸರ ಚಿತ್ರ ಇರೋ ಫ್ರೇಮು ಇದೆಯಾ ನಿಮ್ಮ ಹತ್ರ?" ಎಂದು ಕತ್ತರಿ ಕೇಳಿದ.

"ಒಂದಿದೆ. ಆದ್ರೆ ಆಯಮ್ಮನ ತೊಡೆ ಮೇಲೆ ಒಂದು ಬಿಳಿ ನಾಯಿಮರಿ ಕೂತಿದೆ. ಪರವಾಗಿಲ್ವಾ?"

ಕತ್ತರಿ ಜೇಬಿನಿಂದ ದುಡ್ಡು ತೆಗೆದ.

"ಕಟ್ಟಿಕೊಡಿ" ಎಂದ. "ಅಂಥದ್ದೇ ನಾಯಿಮರಿ ಕೊಂಡ್ಕೊಳ್ಳೋಕೆ ಸಾಹೇಬರಿಗೆ ಸೋಮವಾರದವರೆಗೂ ಟೈಮಿದೆ."