ಸಾವಕಾರರ ಗಾಡಿಗೆ ಮೂರನೆಯ ಪೆಡಲು

ಕೆಲವರ ಹಣೆಯಲ್ಲಿ ಕೂತು ಉಣ್ಣುವುದು ಬರೆದಿರುತ್ತದೆ. ನನ್ನ ಹಣೆಯಲ್ಲಿ ಕೂತು ಅಂಜುವುದು ಬರೆದಿತ್ತು. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ಒಬ್ಬ ಅರಿವೆ ಅಂಗಡಿಯ ಸಾವಕಾರರ ಹತ್ತಿರ ನಾನು ಡ್ರೈವರಾಗಿದ್ದೆ. ಇಂಥವೆಲ್ಲ ನನ್ನನ್ನೇ ಯಾಕೆ ಹುಡುಕಿಕೊಂಡು ಬರುತ್ತವೆ ಎಂದು ಹೆಂಡತಿಯನ್ನು ಕೇಳಿದರೆ, "ನಿಮ್ಮ ಮಾರಿ ನೋಡಿದ್ರ ಯಾರಿಗಾದ್ರೂ ಒಂದೀಟು ಅಂಜಸಬೇಕು ಅನಸ್ತೈತಿ" ಎನ್ನುತ್ತಾಳೆ.

ಎಡಗಾಲು

ಅಲ್ಲಿಯವರೆಗೆ ನಾನು ಹೊಡೆಯುತ್ತಿದ್ದದ್ದು ಒಂದು ಹಳೆಯ ಜೀಪು. ಅದು ಕೈಕೊಟ್ಟ ಮೇಲೆ ಸಾವಕಾರರು ಮುಂಬೈಗೆ ಹೋಗಿ, ಹರಾಜಿನಲ್ಲಿ ಒಂದು ಪರದೇಶದ ಪಿಕಪ್ ಹಿಡಿದುಕೊಂಡು ಬಂದರು. ಅದೂ ಹಳೆಯದೇ. ಅದರ ಸ್ಟೇರಿಂಗ್ ಎಡಗಡೆ ಇತ್ತು. ನಮ್ಮ ಗಾಡಿಗಳಲ್ಲಿ ಡ್ರೈವರ್ ಕೂರುವ ಬಲಗಡೆಯಲ್ಲಿ ಬರಿಯ ಸೀಟು. ಅದಾದರೂ ಹೋಗಲಿ ಎಂದರೆ ಕ್ಲಚ್ಚೇ ಇಲ್ಲ. ಓಡುವುದಕ್ಕೆ ಒಂದು ಪೆಡಲು, ನಿಲ್ಲುವುದಕ್ಕೆ ಒಂದು ಪೆಡಲು. ಗೇರನ್ನು ಗಾಡಿ ತಾನೇ ಬದಲಿಸಿಕೊಳ್ಳುತ್ತಿತ್ತು.

ನನ್ನ ಎಡಗಾಲಿಗೆ ಇದನ್ನು ಹೇಳುವವರು ಯಾರು? ಅದು ಹುಟ್ಟಾ ಕ್ಲಚ್ ಒತ್ತಿದ ಕಾಲು. ಮೊದಲ ದಿನ ಪೇಟೆಯ ತಿರುವಿನಲ್ಲಿ ಅಭ್ಯಾಸದಂತೆ ಬಲವಾಗಿ ಒತ್ತಿತು. ಅಲ್ಲಿ ಇದ್ದದ್ದು ಅಗಲವಾದ ಬ್ರೇಕು. ಗಾಡಿ ನಿಂತಲ್ಲೇ ನಿಂತಿತು, ಪಕ್ಕದಲ್ಲಿದ್ದ ಸಾವಕಾರರು ಮಾತ್ರ ಮುಂದೆ ಹೋದರು. ಅವರ ಕರಿ ಟೋಪಿ ಗಾಜಿಗೆ ಬಡಿದು ಮೂಗಿನ ಮೇಲೆ ಕೂತಿತು. ಮುಂದಿನ ತಿರುವಿನಲ್ಲೂ ಹಾಗೇ ಆಯಿತು. ಅಂಗಡಿ ಮುಟ್ಟುವ ಹೊತ್ತಿಗೆ ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು.

"ನಿನ್ನ ಕಾಲು ಶಾಣ್ಯಾ ಐತಿ, ಹೆಚ್ಚಿಗಿ ಕಲ್ತೈತಿ. ಈ ಗಾಡಿಗಿ ಏನೂ ಕಲೀಲಾರದವ ಬೇಕು" ಎಂದರು. ಆಮೇಲೆ ಸ್ವಲ್ಪ ಯೋಚನೆ ಮಾಡಿ, "ನಾನ ಹೊಡೀತೀನಿ, ಆ ಕಡೆ ಸರಿ" ಎಂದರು.

ಶರಣು

ಹೊಡೆಯುವುದನ್ನು ಅವರು ಬೇಗ ಕಲಿತರು, ಅದೇ ಕಷ್ಟವಾಯಿತು. ಸಾವಕಾರರದು ಒಂದು ರೂಢಿ ಇತ್ತು. ಗುರುತಿನವರು ಕಂಡರೆ ಎರಡೂ ಕೈ ಜೋಡಿಸಿ, ತಲೆಬಾಗಿ "ಶರಣ್ರಿ" ಎನ್ನಬೇಕು. ಒಂದು ಕೈಯೆತ್ತಿ ಸಲಾಮು ಹೊಡೆಯುವುದು ಸೊಕ್ಕು ಎಂದು ಅವರ ತಂದೆ ಕಲಿಸಿದ್ದರಂತೆ. ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಮಾಡಿದರೆ ಚಂದವೇ. ಇವರು ಸ್ಟೇರಿಂಗ್ ಬಿಟ್ಟು ಮಾಡುತ್ತಿದ್ದರು. ಸೊಲ್ಲಾಪುರದ ಪೇಟೆಯಲ್ಲಿ ಅವರ ಗುರುತಿನವರಲ್ಲದವರು ಯಾರೂ ಇರಲಿಲ್ಲ. ನಾನು ಬಲಗಡೆಯ ಸೀಟಿನಲ್ಲಿ ಬಾಗಿಲ ಹಿಡಿಕೆ ಹಿಡಿದು ಕೂರುತ್ತಿದ್ದೆ. ಗುರುತಿನ ಮುಖ ಕಂಡರೆ ಅವರ ಗಮನ ಬೇರೆ ಕಡೆ ಎಳೆಯಲು ಆಕಾಶ ತೋರಿಸುತ್ತಿದ್ದೆ.

ಒಂದು ದಿನ ಹುಲಜಂತಿ ಊರಿನ ಗಿರಾಕಿಯೊಬ್ಬ ಅಂಗಡಿಯೊಂದರ ಮುಂದೆ ನಿಂತಿದ್ದ. ಸಾವಕಾರರು ಕೈ ಜೋಡಿಸಿದರು. ಗಾಡಿ ನಿಧಾನವಾಗಿ ಆ ಗಿರಾಕಿಯ ಕಡೆಗೇ ಹೊರಳಿತು. ಪಾಪ, ಆ ಮನುಷ್ಯ "ಶರಣ್ರಿ, ಶರಣ್ರಿ" ಎನ್ನುತ್ತಲೇ ಒಂದೊಂದೇ ಮೆಟ್ಟಿಲು ಹಿಂದೆ ಹತ್ತಿದ. ಗಾಡಿ ಮೆಟ್ಟಿಲಿಗೆ ಮುಟ್ಟಿ ನಿಲ್ಲುವ ಹೊತ್ತಿಗೆ ಅವನು ಅಂಗಡಿಯ ಗಾದಿಯನ್ನು ಹತ್ತಿ, ಕೈ ಜೋಡಿಸಿಕೊಂಡೇ ನಿಂತಿದ್ದ.

"ನೋಡಿದ್ಯಾ, ಹಳ್ಳಿ ಮಂದೀದು ಮರ್ಯಾದಿ ಅಂದ್ರ ಇದು. ಎತ್ತರದಾಗ ಎದ್ದು ನಿಂತು ಶರಣು ಮಾಡಿದಾ" ಎಂದರು ಸಾವಕಾರರು.

ಅವ್ವಾರ ಉಪಾಯ

ಸಾವಕಾರರ ಹೆಂಡತಿಯನ್ನು ನಾವೆಲ್ಲ ಅವ್ವಾರು ಎನ್ನುತ್ತಿದ್ದೆವು. ಗಾಡಿ ತಿರುಗಿ ಬರುವವರೆಗೆ ಅವರು ತಮ್ಮ ದೊಡ್ಡ ಮನೆಯ, ಆ ವಾಡೆಯ ಬಾಗಿಲಲ್ಲೇ ನಿಂತಿರುತ್ತಿದ್ದರು. ಗಂಡ ಕೆಳಗೆ ಇಳಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ತುತ್ತು ಬಾಯಿಗೆ ಹೋಗುತ್ತಿತ್ತು. ಎಷ್ಟೋ ಸಲ ರೊಟ್ಟಿ ಆರಿ ಕಡಕಾಗುತ್ತಿದ್ದವು.

ಹುಲಜಂತಿ ಗಿರಾಕಿಯ ಸುದ್ದಿ ಕೇಳಿದ ಮೇಲೆ ನನ್ನನ್ನು ಒಳಗೆ ಕರೆದರು. "ಇವ್ರು ಒಂದಿನ ಯಾರಿಗ್ಯಾರ ಶರಣು ಮಾಡ್ಕೋತನ ಶಿವನ ಪಾದ ಸೇರ್ತಾರ, ಇಲ್ಲಾ ಅವ್ರನ್ನ ಸೇರಸ್ತಾರ. ಬಿಡ್ರಿ ಅಂದ್ರ ಬಿಡೂ ಪೈಕಿ ಅಲ್ಲ. ಅವ್ರ ಕೈಗಿ ಏನಾರ ಕೆಲಸ ಹಚ್ಚಬೇಕು ನೋಡು" ಎಂದರು. ಆಮೇಲೆ ಕೇಳಿದರು, "ನಿಮ್ಮ ಜೀಪಿನಾಗ ಒಂದು ಕೈ ಸದಾ ಗೇರಿನ ಮ್ಯಾಲ ಇರತಿತ್ತಲ್ಲ? ಅದನ್ನ ಇದಕ್ಕ ಕೂಡಸಾಕ ಬರ್ತೈತೇನು?"

ನಾನು ಗಾಡಿ ರಿಪೇರಿಯ ಮಿಸ್ತ್ರಿಯನ್ನು ಕರೆದುಕೊಂಡು ಬಂದೆ. ಗಾಡಿಯ ಗೇರ್ ಡಬ್ಬಿ ಎಣ್ಣೆ ಸೋರುತ್ತಿದ್ದದ್ದು ಖರೆ. ನಡುದಾರಿಯಲ್ಲಿ ಕೈಕೊಡುತ್ತದೆ, ತೆಗೆದು ಕೈಯಿಂದ ಹಾಕುವ ಗೇರ್ ಕೂಡಿಸೋಣ ಎಂದು ಅವನು ಸಾವಕಾರರಿಗೆ ಎಷ್ಟು ಹೇಳಿದರೂ ಅವರು ಜಗ್ಗಲಿಲ್ಲ. ಕೊನೆಗೆ ಮಿಸ್ತ್ರಿ ದನಿ ಇಳಿಸಿ, "ಸಾವಕಾರ್, ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಗೇರ್ ಹಾಕೂದ ಇಲ್ಲದ ಇಂಥ ಬಿನಾ ಗೇರಿನ ಗಾಡಿ ಪರದೇಶದಾಗ ಹೆಂಗಸರು ಹೊಡೀತಾರ" ಎಂದ.

ಸಾವಕಾರರ ಕೈ ತಾನಾಗಿಯೇ ಮೀಸೆಗೆ ಹೋಯಿತು. ಬಾಗಿಲ ಹಿಂದೆ ನಿಂತಿದ್ದ ಅವ್ವಾರ ಬಳೆಯ ಸಪ್ಪಳವೂ ಒಮ್ಮೆ ನಿಂತಿತು. "ಇಷ್ಟ ದಿನ ಯಾಕ ಹೇಳಲಿಲ್ಲೋ ಮಗನ? ಇವತ್ತ ತಗದ ಹಾಕು" ಎಂದರು ಸಾವಕಾರರು.

ನಿಂಬೆಹಣ್ಣು

ಮಿಸ್ತ್ರಿ ಹಳೆಯ ಡಬ್ಬಿಯನ್ನು ಇಳಿಸಿ, ಕುತೂಹಲಕ್ಕೆ ಬಿಚ್ಚಿ ನೋಡಿದ. ಒಳಗೆ ಎಣ್ಣೆ ಹರಿಯುವ ಸಣ್ಣ ಸಣ್ಣ ದಾರಿಗಳು, ಒಂದರೊಳಗೆ ಒಂದು. ಹೆದರಿ ಹಾಗೆಯೇ ಮುಚ್ಚಿ, ಗೋಣಿಚೀಲದಲ್ಲಿ ಸುತ್ತಿ ಮೂಲೆಗಿಟ್ಟ. ಆಮೇಲೆ ಒಂದು ಮುರುಕು ಲಾರಿಯ ಗೇರ್ ಡಬ್ಬಿ ತಂದ. ಲಿವರ್ ಇನ್ನೊಂದು ಲಾರಿಯದು. ಕ್ಲಚ್ ಪೆಡಲು ನಮ್ಮ ಸತ್ತ ಜೀಪಿನದೇ. ಅದನ್ನು ಕಂಡದ್ದೇ ನನ್ನ ಎಡಗಾಲಿಗೆ ತವರಿನವರು ಬಂದಂತಾಯಿತು.

ಗಾಡಿ ಹೊರಡಿಸುವಾಗ ಗಾಲಿಯ ಮುಂದೆ ನಿಂಬೆಹಣ್ಣು ಇಟ್ಟು, ಅದನ್ನು ಹಿಸುಕಿ ಮುಂದೆ ಹೋಗಬೇಕು. ಮೊದಲ ಹೆಜ್ಜೆ ಹಿಂದಕ್ಕೆ ಬಿದ್ದರೆ ವ್ಯಾಪಾರವೂ ಹಿಂದಕ್ಕೆ ಬೀಳುತ್ತದೆ ಎಂದು ಸಾವಕಾರರ ಗಟ್ಟಿ ನಂಬಿಕೆ. ಪೂಜೆ ಮಾಡಿಸುವ ಐನಾರು ಬಂದರು. ಮಿಸ್ತ್ರಿ ಗಾಡಿಯನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ, ಗೇರ್ ಹಾಕಿ, ಗಾಲಿ ತಿರುಗಿದ್ದನ್ನು ನೋಡಿ ಖುಷಿಪಟ್ಟಿದ್ದ. ಯಾವ ಕಡೆ ತಿರುಗಿತು ಎಂದು ನೋಡಿರಲಿಲ್ಲ. ಬೇರೆ ಬೇರೆ ಲಾರಿಯ ಡಬ್ಬಿ, ಲಿವರ್ ಕೂಡಿದಾಗ ಗೇರುಗಳು ತಮ್ಮ ಜಾಗ ಅದಲು ಬದಲು ಮಾಡಿಕೊಂಡಿದ್ದವು.

ನಾನು ಮೊದಲನೆಯ ಗೇರ್ ಹಾಕಿ ಕ್ಲಚ್ ಬಿಟ್ಟೆ. ನಿಂಬೆಹಣ್ಣು ಮುಂದೆಯೇ ಉಳಿದವು. ಗಾಡಿ ಹಿಂದಕ್ಕೆ ಹೋಗಿ ಮಿಸ್ತ್ರಿಯ ನೀರಿನ ಡ್ರಮ್ಮು ಉರುಳಿಸಿತು. ಸಾವಕಾರರ ಮುಖದ ಬಣ್ಣವೇ ಇಳಿಯಿತು. ನನ್ನ ನೌಕರಿ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಐನಾರು ಗಡಿಬಿಡಿ ಮಾಡಲಿಲ್ಲ. ಹಣ್ಣು ಆರಿಸಿ ಗಾಲಿಗಳ ಹಿಂದೆ ಇಟ್ಟು, "ಅದರ ಮನಸು ಹಂಗಿದ್ರ ಹಂಗ ಹೋಗ್ಲಿ" ಎಂದರು. ಅಷ್ಟರಲ್ಲಿ ಮಿಸ್ತ್ರಿ ನನ್ನ ಕಿವಿಯಲ್ಲಿ, "ಲಿವರ್ ಉಲ್ಟಾ ಜಗ್ಗು" ಎಂದಿದ್ದ. ಜಗ್ಗಿದೆ. ಗಾಡಿ ಮುಂದಕ್ಕೆ ನೆಗೆಯಿತು, ಹಣ್ಣು ಈಗ ಹಿಂದೆ ಉಳಿದವು. ಐನಾರು ಇನ್ನಷ್ಟು ಹಣ್ಣು ತರಿಸಿ, ನಾಲ್ಕೂ ಗಾಲಿಗಳ ಹಿಂದೆ ಮುಂದೆ ಇಟ್ಟು ದೂರ ಹೋಗಿ ನಿಂತರು.

"ಈಗ ಯಾಕಡಿ ಹೋದ್ರೂ ಶುಭ ಐತಿ, ಬಿಡು" ಎಂದರು.

ವಳಸಂಗದ ಏರು

ಮಿಸ್ತ್ರಿ ಗೇರುಗಳನ್ನು ಅವುಗಳ ಜಾಗಕ್ಕೆ ಸೇರಿಸಿದ ಮೇಲೆ ಸಾವಕಾರರು ಹೊಡೆದು ನೋಡಿದರು. ಗಾಡಿ ಜಿಗಿಯಿತು, ಕೆಮ್ಮಿತು, ನಿಂತಿತು. "ದೇವರು ಕಾಲು ಎರಡ ಕೊಟ್ಟಾನ, ನೀವು ಪೆಡಲ್ ಮೂರು ಕೊಟ್ಟೀರಿ. ಇದರಾಗ ಯಾರ ಲೆಕ್ಕ ತಪ್ಪೈತಿ?" ಎಂದು ಇಳಿದುಬಿಟ್ಟರು. ಅವ್ವಾರೂ ನಾನೂ ಒಬ್ಬರ ಮುಖ ಒಬ್ಬರು ನೋಡಿ ಉಸಿರುಬಿಟ್ಟೆವು.

ಆದರೆ ಗಾಡಿ ಪೂರ್ತಿ ನನಗೆ ಬಿಡಲು ಅವರಿಗೆ ಮನಸ್ಸು ಬರಲಿಲ್ಲ. "ಕಾಲಿನ ಕೆಲಸ ನಿಂದು, ಗೇರ್ ನಂದು" ಎಂದು ಪಾಲು ಮಾಡಿದರು. ಗುರುವಾರ ಗುರುವಾರ ಅಕ್ಕಲಕೋಟದ ಮಠಕ್ಕೆ ಹೋಗುವುದು ಅವರ ನೇಮ. ಎಡಗಡೆ ಸ್ಟೇರಿಂಗ್ ಹಿಡಿದು ನಾನು, ನಡುವೆ ಅವ್ವಾರು, ಬಲಗಡೆ ಸಾವಕಾರರು. ನಾನು ಕ್ಲಚ್ ಒತ್ತಿ "ಹಾಕ್ರಿ" ಅನ್ನಬೇಕು, ಅವರು ಅವ್ವಾರ ಮೊಣಕಾಲಿನ ಮುಂದೆ ಕೈ ಚಾಚಿ ಲಿವರ್ ಎಳೆಯಬೇಕು. ನಾನು ಕೈ ಹಾಕಿದರೆ ಕೈಮೇಲೆ ಏಟು ಬೀಳುತ್ತಿತ್ತು. ಅವ್ವಾರು ಆ ಲಿವರನ್ನೇ ನೋಡುತ್ತ ಕೂರುತ್ತಿದ್ದರು.

ಒಂದು ಗುರುವಾರ ವಳಸಂಗದ ಏರು ಹತ್ತುತ್ತಿದ್ದೆವು. ಹಿಂದೆ ಮಂದಿ ತುಂಬಿದ ಬಸ್ಸು. ನಾನು ಕ್ಲಚ್ ಒತ್ತಿ "ಹಾಕ್ರಿ" ಎಂದೆ. ಸಾವಕಾರರು ಲಿವರನ್ನು ಒಂದು ಗೇರಿನಿಂದ ತೆಗೆದರು, ಇನ್ನೊಂದಕ್ಕೆ ಹಾಕುವ ಮೊದಲೇ ಎದುರಿಗೆ ಕಂದಲಗಾಂವದ ಗಿರಾಕಿಯ ಸೈಕಲ್ಲು ಬಂತು. ಎರಡೂ ಕೈ ಜೋಡಿದವು. "ಶರಣ್ರಿ. ಮನ್ಯಾಗ ಎಲ್ಲಾರೂ ಅರಾಮ ಅದಾರಿಲ್ಲ?"

ಗಾಡಿ ಹಿಂದಕ್ಕೆ ಜಾರತೊಡಗಿತು. ಆ ಹಳೆಯ ಬ್ರೇಕು ಏರಿನಲ್ಲಿ ಅರ್ಧವೇ ಹಿಡಿಯುತ್ತಿತ್ತು. ಬಸ್ಸಿನವನ ಹಾರ್ನು ಕಿವಿಯಲ್ಲೇ ಕೇಳಿಸಿತು. ಜಡವಾದ ಸ್ಟೇರಿಂಗನ್ನು ಎರಡೂ ಕೈಯಿಂದ ಅವುಚಿಕೊಂಡು ನಾನು ಹೆಂಡತಿ ಮಕ್ಕಳನ್ನು ನೆನೆದೆ. ಆಗ ಹಸಿರು ಬಳೆಯ ಕೈಯೊಂದು ಲಿವರಿಗೆ ಬಂತು, ತನ್ನ ಕಡೆ ಎಳೆದು ಮುಂದೆ ಒತ್ತಿತು. ಕಿರ್ ಎಂಬ ಸಪ್ಪಳವೂ ಇಲ್ಲದೆ ಗೇರ್ ಬಿತ್ತು. "ಕಾಲು ಬಿಡು" ಎಂದರು ಅವ್ವಾರು. ಬಿಟ್ಟೆ, ಗಾಡಿ ಏರು ಹತ್ತಿತು.

ಗಿರಾಕಿ ದಾಟಿಹೋದ ಮೇಲೆ ಸಾವಕಾರರು ನಮ್ಮ ಕಡೆ ತಿರುಗಿದರು. "ಹಾಂ, ಈಗ ಹಾಕ್ಲಿ ಏನು ಗೇರು?"

"ಹಾಕಿ ಮುಗೀತು. ನೀವು ಶರಣು ಮಾಡ್ರಿ" ಎಂದರು ಅವ್ವಾರು.

ಅಕ್ಕಲಕೋಟ

ಅಂದಿನಿಂದ ಲಿವರ್ ಅವ್ವಾರದಾಯಿತು. ಸಾವಕಾರರು ಮೊದಮೊದಲು ಮುನಿಸಿಕೊಂಡರು, ಆಮೇಲೆ ಎರಡೂ ಕೈ ಖಾಲಿಯಾದದ್ದು ಅವರಿಗೂ ಸುಖವೆನಿಸಿತು.

ಮುಂದಿನ ಗುರುವಾರ ಅಕ್ಕಲಕೋಟದ ಹೊರಗೆ ಮಠದ ದಿಕ್ಕು ಕಂಡದ್ದೇ ಅವರು ಕಣ್ಣು ಮುಚ್ಚಿ ಕೈ ಮುಗಿದು ಕೂತರು. ಗಾಡಿ ತಪಾಸಣೆಯ ನಾಕಾದಲ್ಲಿದ್ದ ಪೋಲೀಸನಿಗೆ ಕಂಡದ್ದು ಇಷ್ಟು: ಬಲಗಡೆ, ಡ್ರೈವರ್ ಕೂರುವ ಜಾಗದಲ್ಲಿ, ಟೋಪಿ ಹಾಕಿದ ಮುದುಕ ಕಣ್ಣು ಮುಚ್ಚಿ ಕೈ ಮುಗಿದಿದ್ದಾನೆ, ಗಾಡಿ ಓಡುತ್ತಿದೆ. ಸೀಟಿ ಹೊಡೆದು ನಿಲ್ಲಿಸಿ, ಬಲಗಡೆಯ ಬಾಗಿಲು ತೆಗೆದು, "ಲೈಸನ್ಸ್ ದಾಖವಾ" ಎಂದು ಮರಾಠಿಯಲ್ಲಿ ಲೈಸನ್ಸ್ ಕೇಳಿದ.

"ನಾ ಹೊಡ್ಯಾಕತ್ತಿಲ್ರಿ" ಎಂದರು ಸಾವಕಾರರು.

ಪೋಲೀಸ ಒಳಗೆ ಬಗ್ಗಿ ನೋಡಿ ಕನ್ನಡಕ್ಕೆ ಇಳಿದ. "ಸ್ಟೇರಿಂಗ್ ಯಾರದು?"

"ಇವಂದು."

"ಗೇರು?"

"ಇಕಿದು."

"ಮತ್ತ ನೀವೇನ ಮಾಡ್ತೀರಿ?"

"ನಾ ಶರಣು ಮಾಡ್ತೀನಿ" ಎಂದು ಅವನಿಗೂ ಒಂದು ಮಾಡಿದರು.

ಪೋಲೀಸ ಬೆರಳು ಮಾಡಿ ನಮ್ಮ ಮೂವರನ್ನೂ ಎಣಿಸಿದ. "ಒಂದ ಗಾಡಿ ಮೂರ ಮಂದಿ ಹೊಡ್ಯೂದು ನಾ ಎಲ್ಲೂ ನೋಡಿಲ್ಲ. ಇನ್ನ ಮ್ಯಾಲ ಒಬ್ಬರ ಹೊಡೀಬೇಕು" ಎಂದು ನಮ್ಮನ್ನು ಹೋಗಲು ಬಿಟ್ಟ. ನನಗೆ ಅವನ ಕಾಲು ಮುಟ್ಟಬೇಕೆನಿಸಿತು. ಕೊನೆಗೂ ನನ್ನ ಕೆಲಸ ನನಗೆ ಸಿಕ್ಕಿತ್ತು.

ದರ್ಶನವಾಗಿ ತಿರುಗಿ ಹೊರಟಾಗ ಅವ್ವಾರು ಹೇಳಿದರು, "ಪೋಲೀಸ ಹೇಳಿದ್ದು ಖರೇ ಐತಿ. ಒಬ್ಬರ ಹೊಡೀಬೇಕು."

"ಹೌದ್ರೀ ಅವ್ವಾರ" ಎಂದೆ ನಾನು, ಎದೆಯುಬ್ಬಿಸಿ.

"ಆ ಹಳೀ ಡಬ್ಬಿ ಮಿಸ್ತ್ರಿ ಹಂತ್ಯಾಕ ಐತಲ್ಲ? ಸೋರೂದು ಬಂದ್ ಮಾಡಿ ತಿರುಗಿ ಕೂಡಸಾಕ ಹೇಳು. ಬಿನಾ ಗೇರಿನ ಗಾಡಿ ಹೆಂಗಸರು ಹೊಡೀತಾರಂತ ಅವನ ಹೇಳ್ಯಾನ. ನನಗೇನು ಗಾಡಿ ಅಂಜಿಕಿ ಇರಲಿಲ್ಲಪ್ಪ, ಇವ್ರ ಕೈಯಂದ ಅಂಜಿಕಿ ಇತ್ತು."

ನನ್ನ ಎಡಗಾಲು ಕ್ಲಚ್ಚಿನ ಮೇಲೆಯೇ ತಣ್ಣಗಾಯಿತು. ಸಾವಕಾರರು ಏನಾದರೂ ಬೈದಾರು ಎಂದು ಅವರ ಕಡೆ ಆಸೆಯಿಂದ ನೋಡಿದೆ. ಅವರು ಹೆಂಡತಿಯ ಕಡೆ ತಿರುಗಿ ನಿಧಾನವಾಗಿ ಎರಡೂ ಕೈ ಜೋಡಿಸಿದರು.

"ಶರಣ್ರಿ. ಇನ್ನ ಮ್ಯಾಲ ವಾಡೇದ ಬಾಗಲದಾಗ ಉಪಾಸ ನಿಂದ್ರೂ ಪಾಳಿ ನಂದು."