ಅವ್ವನ ಗಾಡಿಯೂ ಇನ್ನೂರ ಮೂವತ್ತು ಕಿಲೋದ ಚೀಟಿಯೂ

ಎಳೆಯುವುದು, ನೂಕುವುದು, ಉರುಳುವುದು, ಈ ಮೂರರ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಹದಿನಾಲ್ಕು ವರ್ಷಗಳಿಂದ ಹೈದರಾಬಾದಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾಗಿ ನಾನೇ ಆ ಪಾಠ ಹೇಳುತ್ತಿದ್ದೆ. ಆದ್ದರಿಂದ, ನಮ್ಮ ಸಣ್ಣ ಕಾರಿನ ಹಿಂದೆ ಒಂದು ಪುಟ್ಟ ಮನೆಯನ್ನೇ ಕಟ್ಟಿಕೊಂಡು ಅವ್ವನನ್ನು ಕಲಬುರಗಿಗೆ ಕರೆದೊಯ್ಯುವೆನೆಂದು ನಾನು ಘೋಷಿಸಿದಾಗ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅನುಮಾನವೆಲ್ಲ ನನ್ನ ಹೆಂಡತಿ ಸುಲೋಚನಾಳ ಪಾಲಿಗೆ ಬಂದಿತ್ತು.

"ರೈಲಿನಾಗ ಹೋಗೋಣ್ರಿ," ಎಂದಳು. "ಇಬ್ಬರು ಕೂಲಿಯವರು ಹಿಡದ್ರ ಅತ್ತಿಯವರು ಹತ್ತತಾರ."

"ಅವ್ವನ ಮೊಣಕಾಲು ಮಡಚಂಗಿಲ್ಲ. ರೈಲಿನ ಮೆಟ್ಟಲ ನೋಡೀಯೇನು? ಅದು ಮೆಟ್ಟಲಲ್ಲ, ಗೋಡಿ!"

ಕಲಬುರಗಿಯಲ್ಲಿ ಅವ್ವನ ಅಕ್ಕ ಇದ್ದಳು. ನಮ್ಮ ದೊಡ್ಡವ್ವ. ಇಬ್ಬರೂ ಮುಖ ನೋಡಿ ಆರು ವರ್ಷವಾಗಿತ್ತು. "ಒಮ್ಮೆ ಆಕಿನ್ನ ನೋಡಿದ್ರ ಸಾಕೋ ತಮ್ಮಾ," ಎಂದು ಅವ್ವ ದಿನಕ್ಕೊಮ್ಮೆ ಹೇಳುತ್ತಿದ್ದಳು. ಕಾರಿನಲ್ಲಿ ಅರ್ಧ ತಾಸು ಕುಳಿತರೆ ಅವಳ ಕಾಲು ಹಿಡಿದುಕೊಳ್ಳುತ್ತಿತ್ತು. ನಡುನಡುವೆ ಗಾಡಿ ನಿಲ್ಲಿಸಿ ಮಲಗಿಸಲು ಒಂದು ಹಾಸಿಗೆ ಬೇಕು. ಹಾಸಿಗೆಗೆ ಗಾಲಿ ಬೇಕು. ಅಂದರೆ ಟ್ರೇಲರು ಬೇಕು. ತರ್ಕ ಎಷ್ಟು ಶುದ್ಧವಾಗಿತ್ತು!

ತೊಂದರೆ ಒಂದೇ. ನಮ್ಮ ಕಾರು ಎಂಟುನೂರು ಸಿಸಿಯದು. ಮೂರನೆಯ ಕೈಯದು. ಅದರ ತೂಕ ಆರುನೂರೈವತ್ತು ಕಿಲೋ. ಎಳೆಯುವ ಗಾಡಿ ಅದರ ಅರ್ಧಕ್ಕಿಂತ ಹೆಚ್ಚಿರಬಾರದೆಂದು ನಾನೇ ಲೆಕ್ಕ ಹಾಕಿ, ಮುನ್ನೂರ ಇಪ್ಪತ್ತೈದು ಎಂಬ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದೆ.

ಹುಡುಕಾಟ ಆರಂಭವಾಯಿತು. ಮೊದಲು ಸಿಕ್ಕಿದ್ದು ಸಿನಿಮಾದವರು ಮೇಕಪ್ಪಿಗೆ ಬಳಸಿ ಬಿಟ್ಟಿದ್ದ ಹಳೆಯ ಗಾಡಿ. ಅದರೊಳಗೆ ಕನ್ನಡಿ, ಫ್ಯಾನು, ಸೋಫಾ ಎಲ್ಲ ಇದ್ದವು. ಕೊಂಡಿ ಸಿಕ್ಕಿಸಿದ ಕೂಡಲೇ ನಮ್ಮ ಕಾರಿನ ಮುಂದಿನ ಗಾಲಿಗಳೆರಡೂ ಶರಣಾಗತರಂತೆ ಮೇಲೆದ್ದವು. ಗಾಡಿಯ ಮಾಲೀಕ ನಕ್ಕು, ಕಾರನ್ನು ಬಿಚ್ಚಿ ಗಾಡಿಯೊಳಗೇ ಇಟ್ಟು ಎರಡನ್ನೂ ಲಾರಿಯಿಂದ ಎಳೆಸಿರೆಂದು ಸಲಹೆ ಕೊಟ್ಟ.

ಎರಡನೆಯದು ನೂರು ಕಿಲೋ ಕೂಡ ಇರಲಿಲ್ಲ. ನಾನು ಕುಣಿದಾಡಿದೆ. ಸುಲೋಚನಾ ಬಗ್ಗಿ ಒಳಗೆ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇದರಾಗ ಮೊದಲು ಯಾರು ಇರ್ತಿದ್ರು ಕೇಳ್ರಿ."

ಕೇಳಿದೆ. ಎರಡು ಬೇಟೆನಾಯಿಗಳು.

ಕೊನೆಗೆ ಕಾಚಿಗೂಡದ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಖಾಜಾ ಭಾಯಿಯ ಬಳಿ ಹೋದೆ. ತೆಳು ಪೈಪು, ಅಲ್ಯೂಮಿನಿಯಂ ತಗಡು, ಪ್ಲೈವುಡ್ಡು ಬಳಸಿ, ಒಬ್ಬರು ಮಲಗಿ ಇಬ್ಬರು ಕೂರುವಂಥ ಗೂಡೊಂದನ್ನು ಅವನು ಒಂದು ತಿಂಗಳಲ್ಲಿ ಕಟ್ಟಿಕೊಟ್ಟ. ಕೊಡುವಾಗ ಎರಡು ಬೆರಳು ಎತ್ತಿದ.

"ಸಾಬ್, ದೋ ಬಾತಾಂ. ಗಾಡಿ ಚಲ್ತೇ ಟೈಮ್ ಅಂದರ್ ಕೋಯಿ ನೈ ಬೈಠ್ನಾ. ಔರ್ ಯೇ ಜಂಜೀರ್ ಕಭೀ ನೈ ಭೂಲ್ನಾ."

ಗಾಡಿ ಓಡುವಾಗ ಒಳಗೆ ಯಾರೂ ಕೂರಬಾರದು. ಈ ಸರಪಳಿಯನ್ನು ಎಂದೂ ಮರೆಯಬಾರದು. ಕೊಂಡಿಯ ಪಿನ್ನು ಅಕಸ್ಮಾತ್ ಮುರಿದರೆ ಗಾಡಿಯನ್ನು ಕಾರಿಗೆ ಹಿಡಿದಿಡುವುದು ಆ ಸರಪಳಿಯೇ.

"ಖಾಜಾ ಭಾಯಿ, ಮೈ ಫಿಸಿಕ್ಸ್ ಪಢಾತೂಂ," ಎಂದೆ ನಾನು ಗಂಭೀರವಾಗಿ. ಫಿಸಿಕ್ಸ್ ಕಲಿಸುವವನು ನಾನು.

ಅವನು ನನ್ನನ್ನು ಒಂದು ಕ್ಷಣ ನೋಡಿ, "ಫಿರ್ ಭೀ," ಎಂದ. ಆದರೂ.

ಅಲ್ಲಿಂದ ನೇರವಾಗಿ ಲಾರಿಗಳನ್ನು ತೂಗುವ ಧರ್ಮಕಾಂಟಾಕ್ಕೆ ಎಳೆದೊಯ್ದು ತೂಗಿಸಿದೆ. ಇನ್ನೂರ ಮೂವತ್ತು ಕಿಲೋ! ಮಿತಿಗಿಂತ ತೊಂಬತ್ತೈದು ಕಿಲೋ ಕಡಿಮೆ! ಆ ಚೀಟಿಯನ್ನು ನಾನು ಹಿಮಾಯತ್‌ನಗರದ ನಮ್ಮ ಗಲ್ಲಿಯಲ್ಲಿ ಮಗ ಹುಟ್ಟಿದ ಸುದ್ದಿಯಂತೆ ಮನೆಮನೆಗೂ ತೋರಿಸಿದೆ.

ಅದೇ ನಾನು ಮಾಡಿದ ಮೊದಲ ತಪ್ಪು.

ನಮ್ಮ ಕಡೆಯ ಜನರ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಊರಿಗೆ ಯಾರಾದರೂ ಹೊರಟರೆಂದರೆ ಅವರ ಕೈಯಲ್ಲಿ ಒಂದು ಗಂಟು ಕಳಿಸುವುದು ನಮ್ಮವರ ಜನ್ಮಸಿದ್ಧ ಹಕ್ಕು. ಕಳಿಸಲು ಗಂಟಿದ್ದು ಹೋಗುವವರು ಸಿಗದಿದ್ದರೆ, ಕಾಚಿಗೂಡ ಸ್ಟೇಷನ್ನಿನಲ್ಲಿ ನಿಂತು ರೈಲಿನ ಕಿಟಕಿಗಳಲ್ಲಿ ಗುರುತಿನ ಮುಖ ಹುಡುಕುವ ಜನ ನಾವು. ಇಂಥವರ ನಡುವೆ, ಊರಿಗೆ ಒಂದು ಇಡೀ ಗಾಡಿ ಹೊರಟಿದೆ, ಅದರಲ್ಲಿ ತೊಂಬತ್ತೈದು ಕಿಲೋ ಜಾಗ ಖಾಲಿ ಇದೆ ಎಂಬ ಲಿಖಿತ ದಾಖಲೆಯನ್ನು ನಾನೇ ಹಂಚಿದ್ದೆ!

ಮೊದಲು ಬಂದವರು ಎದುರುಮನೆಯ ದೇಸಾಯಿ ಕಾಕಾ, ಸೆಕ್ರೆಟರಿಯೇಟಿನಿಂದ ನಿವೃತ್ತರಾದವರು.

"ಗುರುರಾಜ, ಖಾಲಿ ಗಾಡಿ ಒಯ್ಯಾಕತ್ತೀಯಂತ. ನಮ್ಮ ಮಗಳಿಗೆ ಒಂದು ಸಣ್ಣ ಸಾಮಾನ ಐತಿ."

"ಕೊಡ್ರಿ ಕಾಕಾ, ಅದಕ್ಕೇನು!"

ಸಣ್ಣ ಸಾಮಾನನ್ನು ಇಬ್ಬರು ಹೊತ್ತು ತಂದರು. ಒರಳು ಕಲ್ಲು. ಮಿಕ್ಸರಿನ ಚಟ್ನಿ ಅಳಿಯನಿಗೆ ಸೇರುವುದಿಲ್ಲವಂತೆ. ಅದರ ಹಿಂದೆಯೇ ಆವಕಾಯಿ ಉಪ್ಪಿನಕಾಯಿ ತುಂಬಿದ ಒಂದು ದೊಡ್ಡ ಪಿಂಗಾಣಿ ಭರಣಿ ಬಂತು. "ಇದಕ್ಕ ಭಾಳ ಜ್ವಾಕಿ," ಎಂದರು ಕಾಕಾ.

ನಂತರ ಬಂದದ್ದನ್ನೆಲ್ಲ ಬರೆದರೆ ಬರೆಹದ ತೂಕವೂ ಹೆಚ್ಚಾದೀತು. ಕೋಠಿಯಿಂದ ಕೊಂಡ ಹಳೆಯ ಪಠ್ಯಪುಸ್ತಕಗಳ ಎರಡು ಚೀಲ, ಮದುವೆ ಸೀರೆಗಳ ಮೂಟೆ, ಒಂದು ಹೊಲಿಗೆ ಮಷಿನ್ನು, ಬಿಚ್ಚಿದ ಕಬ್ಬಿಣದ ಮಂಚ. ಯಾರಿಗೂ ಇಲ್ಲ ಅನ್ನಲಿಲ್ಲ. ಚೀಟಿ ಇತ್ತಲ್ಲ! ತೂಕ ಹೆಚ್ಚಾಗುತ್ತಿದ್ದುದು ಗಾಡಿಯದು, ಚೀಟಿಯದಲ್ಲ.

ಹೊರಡುವ ಹಿಂದಿನ ಸಂಜೆ ನನಗೆ ಇನ್ನೊಂದು ಜಾಣತನ ಹೊಳೆಯಿತು. ಇಷ್ಟೊಂದು ಸಾಮಾನು ತುಂಬಿದ ಗಾಡಿಯನ್ನು ಬೀದಿಯಲ್ಲಿ ಬಿಟ್ಟರೆ ಕಳ್ಳರು ಎಳೆದೊಯ್ಯುವುದಿಲ್ಲವೇ? ಖಾಜಾ ಭಾಯಿಯ ಸರಪಳಿಯನ್ನು ಬಿಚ್ಚಿ, ಗಾಡಿಯನ್ನು ಲೈಟಿನ ಕಂಬಕ್ಕೆ ಬಿಗಿದು ಬೀಗ ಹಾಕಿದೆ.

ಬೆಳಿಗ್ಗೆ ಅವ್ವ ಹೊಸ ಇಳಕಲ್ ಸೀರೆ ಉಟ್ಟು ತಯಾರಾಗಿ ಕುಳಿತಿದ್ದಳು. "ಏಳೂವರಿಗೆ ರಾಹುಕಾಲ. ಅದರೊಳಗ ಹೊಸ್ತಲ ದಾಟಬೇಕು," ಎಂದು ಆಜ್ಞೆಯಾಗಿತ್ತು. ಏಳೂ ಇಪ್ಪತ್ತಕ್ಕೆ ಕೊಂಡಿ ಸಿಕ್ಕಿಸಿ ನೋಡಿದರೆ ಟ್ರೇಲರು ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಸಿದಿತ್ತು. ಹತ್ತು ನಿಮಿಷದಲ್ಲಿ ಅದನ್ನು ಹಗುರ ಮಾಡಬೇಕು! ನನ್ನೊಳಗಿನ ವಿಜ್ಞಾನಿ ಎದ್ದು ನಿಂತ. ಪುಸ್ತಕದ ಚೀಲ, ಹೊಲಿಗೆ ಮಷಿನ್ನು, ಸೀರೆ ಮೂಟೆಗಳನ್ನು ಟ್ರೇಲರಿನಿಂದ ಇಳಿಸಿ ಕಾರಿನ ಹಿಂದಿನ ಸೀಟಿಗೆ ತುಂಬಿದೆ. ಎಪ್ಪತ್ತು ಕಿಲೋ ಇಳಿಯಿತು.

"ಅಲ್ರೀ, ಅತ್ತಿಯವರು ಎಲ್ಲಿ ಕೂಡಬೇಕು?" ಎಂದಳು ಸುಲೋಚನಾ.

ನಾನು ಒಂದು ಗಳಿಗೆ ಯೋಚಿಸಿದೆ. ಮುಂದೆ ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಅವ್ವನ ತೂಕ ನಲವತ್ತೆರಡು ಕಿಲೋ. ಎಪ್ಪತ್ತು ಇಳಿಸಿ ನಲವತ್ತೆರಡು ಏರಿಸಿದರೆ ಟ್ರೇಲರಿಗೆ ಇಪ್ಪತ್ತೆಂಟು ಕಿಲೋ ಉಳಿತಾಯ.

"ಅವ್ವ ಟ್ರೇಲರಿನಾಗ ಆರಾಮಾಗಿ ಮಲಗಿ ಬರಲಿ!"

"ಯಾರೂ ಕೂಡಬಾರದಂತ ಆ ವೆಲ್ಡಿಂಗ್‌ನವ್ರು ಹೇಳಿದ್ರಂತಲ್ರಿ?"

"ಕೂಡಬಾರದಂದಾನ. ಮಲಗಬಾರದಂದಿಲ್ಲ."

ಅವ್ವನನ್ನು ಒಳಗೆ ಮಲಗಿಸಿ, ದಿಂಬಿನ ಪಕ್ಕದಲ್ಲಿ ನೀರಿನ ತಂಬಿಗೆ, ಕಾಲಿನ ಬಳಿ ಒರಳು ಕಲ್ಲು, ಆವಕಾಯಿ ಭರಣಿ ಇಟ್ಟು ಬಾಗಿಲು ಹಾಕಿದೆ. ಏಳೂ ಇಪ್ಪತ್ತೊಂಬತ್ತಕ್ಕೆ ಕಂಬದ ಬೀಗ ತೆಗೆದು ಗಾಡಿ ಹೊರಡಿಸಿದೆ. ರಾಹುವನ್ನು ಒಂದು ನಿಮಿಷದಿಂದ ಸೋಲಿಸಿದ್ದೆ.

ಸರಪಳಿ ಕಂಬದಲ್ಲೇ ಉಳಿಯಿತು.

ವಿಕಾರಾಬಾದಿನವರೆಗೆ ಏನೂ ಆಗಲಿಲ್ಲ. ಎರಡು ಸಲ ನಿಲ್ಲಿಸಿ ಬಾಗಿಲು ತೆರೆದು ನೋಡಿದೆ, ಅವ್ವ ಎರಡೂ ಸಲ, "ಇದು ಚಲೋ ಆತು ನೋಡು ತಮ್ಮಾ. ಅಕ್ಕನ ಮನಿಗೆ ಪಲ್ಲಕ್ಕಿಯೊಳಗ ಹೊಂಟಂಗ ಆಗೇತಿ," ಎಂದಳು. ನಾನು ಹೆಂಡತಿಯ ಕಡೆ ಹುಬ್ಬು ಹಾರಿಸಿದೆ.

ವಿಕಾರಾಬಾದು ದಾಟಿದರೆ ಅನಂತಗಿರಿ ಗುಡ್ಡದ ಏರು. ಮೊದಲ ತಿರುವಿನಲ್ಲಿ ಕಾರು ಕೆಮ್ಮಿತು. ಎರಡನೆಯದರಲ್ಲಿ ಎತ್ತಿನಂತೆ ಬುಸುಗುಟ್ಟಿತು. ಮೂರನೆಯದರಲ್ಲಿ ಒಬ್ಬ ಸೈಕಲ್ಲಿನವನು ಇಳಿದು ತಳ್ಳಿಕೊಂಡು ನಮ್ಮನ್ನು ದಾಟಿ ಹೋದ. ನಾನು ಮೊದಲನೆಯ ಗೇರಿನಲ್ಲಿ ಕಾಲು ಪೂರ್ತಿ ಒತ್ತಿ ಹಿಡಿದಿದ್ದೆ. ಆಗ ಹಿಂದೆ 'ಟಣ್' ಎಂದು ಒಂದು ಸಣ್ಣ ಸದ್ದಾಯಿತು.

ಮರುಕ್ಷಣವೇ ಕಾರು ಚಿಗರೆಯಂತೆ ಮುಂದಕ್ಕೆ ನೆಗೆಯಿತು!

"ನೋಡಿದಿಯಾ!" ಎಂದು ನಾನು ಸ್ಟಿಯರಿಂಗ್ ತಟ್ಟಿ ಗಹಗಹಿಸಿ ನಕ್ಕೆ. "ಎಳೀತೋ ಇಲ್ಲೋ ಈಗ! ಇಂಜಿನ್ನಿಗೆ ಬಿಸಿ ಏರಬೇಕಾಗಿತ್ತು, ಅಷ್ಟ!"

ಸುಲೋಚನಾ ಬದಿಯ ಕನ್ನಡಿ ನೋಡುತ್ತಿದ್ದಳು. ಒಮ್ಮೆಲೇ ಚೀರಿದಳು.

"ರೀ! ಅತ್ತಿಯವರು ಹೊಂಟ್ರು!"

ಟ್ರೇಲರು ಹಿಮ್ಮುಖವಾಗಿ ಇಳಿಯುತ್ತಿತ್ತು. ಮೊದಲು ನಿಧಾನವಾಗಿ, ದಾರಿ ಕೇಳಿಕೊಂಡು ಹೋಗುವವರಂತೆ. ಆಮೇಲೆ ವೇಗವಾಗಿ. ಎಡಕ್ಕೆ ಗುಡ್ಡದ ಗೋಡೆ, ಬಲಕ್ಕೆ ಸೀತಾಫಲದ ಪೊದೆಗಳು, ಪೊದೆಗಳ ಆಚೆ ಏನೂ ಇಲ್ಲ. ನಾನು ಕಾರು ನಿಲ್ಲಿಸಿದೆನೋ ಇಲ್ಲವೋ, ಬಾಗಿಲು ತೆರೆದೆನೋ ಇಲ್ಲವೋ, ಒಂದು ಚಪ್ಪಲಿಯಲ್ಲಿ ಓಡುತ್ತಿದ್ದೆ. ಓಡುವಾಗ ತಲೆಯೊಳಗೆ ಇಳಿಜಾರಿನ ಸೂತ್ರ ತಾನಾಗಿ ಬರುತ್ತಿತ್ತು. ಎಷ್ಟು ಕ್ಷಣಕ್ಕೆ ಎಷ್ಟು ವೇಗ ಎಂದು ನನಗೆ ಸರಿಯಾಗಿ ಗೊತ್ತಿತ್ತು. ನನ್ನ ಕಾಲುಗಳ ವೇಗವೂ ಗೊತ್ತಿತ್ತು. ಹದಿನಾಲ್ಕು ವರ್ಷದಲ್ಲಿ ನಾನು ಹಾಕಿದ ಒಂದೇ ಒಂದು ಸರಿಯಾದ ಲೆಕ್ಕ ಅದು: ಮುಟ್ಟಲಾರೆ.

ರಸ್ತೆ ದುರಸ್ತಿಗೆಂದು ಯಾರೋ ಬಲಬದಿಯಲ್ಲಿ ಜಲ್ಲಿಯ ಗುಡ್ಡೆ ಸುರಿದಿದ್ದರು. ಟ್ರೇಲರು ಅದಕ್ಕೆ ಹಿಂಬದಿಯನ್ನು ಗುದ್ದಿ, ಅರ್ಧ ಹತ್ತಿ, ಒಮ್ಮೆ ತೂಗಾಡಿ, ನಿಂತಿತು.

ಬಾಗಿಲು ಜಗ್ಗಿ ತೆರೆದೆ. ಅವ್ವ ಹಾಸಿಗೆಯ ಮೇಲೆ ಎದ್ದು ಕುಳಿತಿದ್ದಳು. ಮಡಚಲಾಗದ ಕಾಲುಗಳನ್ನು ಒರಳು ಕಲ್ಲಿಗೆ ಒದ್ದು ಹಿಡಿದಿದ್ದಳು. ಎರಡೂ ಕೈಗಳಿಂದ ಆವಕಾಯಿ ಭರಣಿಯನ್ನು ಎದೆಗೆ ಅವಚಿಕೊಂಡಿದ್ದಳು. ಹಾಸಿಗೆಯ ಬದಿಯ ಕಂಬಿ ಹಿಡಿಯಬಹುದಾಗಿತ್ತು. ಹಿಡಿದಿರಲಿಲ್ಲ. ಮಂದಿಯ ಭರಣಿ!

"ಒಡದ್ರ ದೇಸಾಯಿಯವರಿಗೆ ಏನಂತ ಹೇಳೂದು?" ಎಂದಳು. ನಂತರ ನನ್ನ ಮುಖವನ್ನೇ ನೋಡಿದಳು. "ಯಾಕೋ ತಮ್ಮಾ, ಏನ್ ಮರತು ಬಂದಿ? ಗಾಡಿ ಹಿಂದಕ್ಕ ಹೊಂಟಿದ್ದು ನೋಡಿ, ಏನೋ ಮರತಾನ, ತರಾಕ ಮನಿಗೆ ವಾಪಸ್ ಹೊಂಟಾನ ಅಂದ್ಕೊಂಡೆ."

ಸರಪಳಿ, ಎಂದು ನಾಲಿಗೆಯ ತುದಿಗೆ ಬಂತು.

"ಛತ್ರಿ, ಅವ್ವಾ," ಎಂದೆ.

"ಛತ್ರಿ," ಎಂದಳು ಅವ್ವ. ಒಂದು ಕೈಯಿಂದ ದಿಂಬನ್ನು ಸರಿಮಾಡಿಕೊಂಡಳು.

ಟ್ರೇಲರನ್ನು ಒಂದು ಟ್ರ್ಯಾಕ್ಟರು ವಿಕಾರಾಬಾದಿಗೆ ಎಳೆದು ತಂದಿತು. ಅಲ್ಲಿಯ ಧರ್ಮಕಾಂಟಾದಲ್ಲಿ ಸುಲೋಚನಾ ಹಟ ಹಿಡಿದು ತೂಗಿಸಿದಳು. ಅವ್ವ ಇಲ್ಲದೆ, ನಾನೂರ ಎಂಬತ್ತು ಕಿಲೋ. ಆ ಚೀಟಿಯನ್ನು ನಾನು ಯಾರಿಗೂ ತೋರಿಸಲಿಲ್ಲ. ಅವಳು ಎಲ್ಲರಿಗೂ ತೋರಿಸಿದಳು. ಕಾರೂ ಟ್ರೇಲರೂ ಅಲ್ಲೇ ಉಳಿದವು, ಸಾಮಾನುಗಳು ಲಾರಿಯಲ್ಲಿ ಹೋದವು. ವಿಕಾರಾಬಾದ್ ಸ್ಟೇಷನ್ನಿನಲ್ಲಿ ಇಬ್ಬರು ಕೂಲಿಯವರು ಅವ್ವನನ್ನು ಕುರ್ಚಿಯ ಸಮೇತ ಎತ್ತಿ ರೈಲಿನೊಳಗೆ ಇಟ್ಟರು. ಒಂದು ನಿಮಿಷ ಹಿಡಿಯಿತು. ಅವ್ವ ಬರ್ತಿನ ಮೇಲೆ ಕಾಲು ಚಾಚಿ, ಭರಣಿಯನ್ನು ಪಕ್ಕದಲ್ಲಿಟ್ಟುಕೊಂಡು, "ರೈಲು ಭಾಳ ಆರಾಮ ಐತಲ್ಲೋ! ಮೊದಲ ಯಾರೂ ಹೇಳಲಿಲ್ಲ ನನಗ," ಎಂದಳು. ಸುಲೋಚನಾ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಹೊರಗೆ ನೋಡುವಂಥದ್ದೇನೂ ಇರಲಿಲ್ಲ.

ಅಕ್ಕತಂಗಿಯರು ಭೇಟಿಯಾದರು. ಅತ್ತರು, ನಕ್ಕರು, ಒಂದೇ ತಾಟಿನಲ್ಲಿ ಉಂಡರು. ನಾನು ಪಡಸಾಲೆಯ ಮೂಲೆಯಲ್ಲಿ ಕುಳಿತು ನೋಡಿದೆ. ದೊಡ್ಡವ್ವ ನನ್ನ ತಲೆ ಸವರಿ, "ತಾಯಿ ಸಲುವಾಗಿ ಗಾಡಿನ ಮಾಡಿಸಿದ ಮಗ!" ಎಂದಳು. ನಾನು ನೀರು ತರುವ ನೆಪದಲ್ಲಿ ಎದ್ದು ಹೋದೆ.

ಎಂಟು ದಿನದ ನಂತರ ಹೈದರಾಬಾದಿಗೆ ಬಂದ ಸಂಜೆಯೇ ದೇಸಾಯಿ ಕಾಕಾ ಹಾಜರಾದರು. ಮಗಳಿಗೆ ಭರಣಿ ಮುಟ್ಟಿದ್ದಕ್ಕೆ ಸಂತೋಷಪಟ್ಟು, ಕೈಯಲ್ಲಿದ್ದುದನ್ನು ಅವ್ವನ ಮುಂದೆಯೇ ಝಣಝಣನೆ ಟೀಪಾಯಿಯ ಮೇಲೆ ಸುರಿದರು.

"ನಿನ್ನ ಸರಪಳಿ, ಗುರುರಾಜ. ಕಂಬದಾಗ ಬಿಟ್ಟು ಹೋಗಿದ್ದಿ. ಯಾರರ ಒಯ್ದಾರಂತ ನಾನ ಬಿಚ್ಚಿ ಇಟ್ಟಿದ್ದೆ."

ಅವರು ಹೋದ ಮೇಲೆ ನಾನು ಅವ್ವನ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಇಪ್ಪತ್ತೆಂಟು ಕಿಲೋದ ಉಳಿತಾಯವನ್ನೂ ಹೇಳಿದೆ. ಅವಳು ಹಿಂದಕ್ಕೆ ಉರುಳುತ್ತಿದ್ದಾಗ ನಾನು ಸ್ಟಿಯರಿಂಗ್ ತಟ್ಟಿ ನಕ್ಕದ್ದನ್ನೂ ಹೇಳಿದೆ. ಅದನ್ನು ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

"ಛತ್ರಿ ಮರತಿಲ್ಲಂತ ನನಗ ಅವತ್ತ ಗೊತ್ತಿತ್ತೋ," ಎಂದಳು ಅವ್ವ.

"ಹೆಂಗವ್ವಾ?"

"ಛತ್ರಿ ನನ್ನ ದಿಂಬಿನ ಕೆಳಗ ಇತ್ತು. ದಾರಿಯುದ್ದಕ್ಕೂ ಚುಚ್ಚಾಕತ್ತಿತ್ತು."

ಟ್ರೇಲರು ಈಗ ಕೋಠಿಯ ಹತ್ತಿರ ಒಬ್ಬರ ಇಡ್ಲಿ ಅಂಗಡಿಯಾಗಿದೆ. ನಾಲ್ಕೂ ಕಡೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದಾರೆ. ನಾನು ಆ ದಾರಿಯಲ್ಲಿ ಹೋಗುವುದಿಲ್ಲ. ಮನೆಯಲ್ಲಿ ತಟ್ಟೆಯೊಂದು ಉರುಳಿದರೂ ಎದ್ದು ನಿಲ್ಲುತ್ತೇನೆ.

ಕಾಲೇಜಿನಲ್ಲಿ ಇಳಿಜಾರಿನ ಪಾಠ ಬಂದಾಗ ಮಾತ್ರ ರಜೆ ಹಾಕಲಾಗುವುದಿಲ್ಲ. ಪರೀಕ್ಷೆಗೆ ಅದು ಬಂದೇ ಬರುತ್ತದೆ. ಹಲಗೆಯ ಮೇಲೆ ಓರೆಯಾಗಿ ಒಂದು ಗೆರೆ ಎಳೆದು, ಅದರ ಮೇಲೆ ಸಣ್ಣದೊಂದು ಚೌಕ ಬರೆದು, 'ಇಳಿಜಾರಿನ ಮೇಲೆ ಒಂದು ವಸ್ತುವಿದೆ' ಎಂದು ಶುರುಮಾಡುತ್ತೇನೆ. ಅಲ್ಲಿಗೆ ನನ್ನ ಸೀಮೆಸುಣ್ಣ ನಿಂತುಬಿಡುತ್ತದೆ. ಆ ವಸ್ತು ಯಾರದೋ ಉಪ್ಪಿನಕಾಯಿ ಭರಣಿಯನ್ನು ಎರಡೂ ಕೈಯಲ್ಲಿ ಅವಚಿಕೊಂಡು ಕುಳಿತಿದೆ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.